ಪ್ಯಾನಲ್ ಅಂಗಡಿ, ಪ್ರೀಕಾಸ್ಟ್ ಗೋಡೆ: ‘ಬೆಂಕಿ ಹಿಡಿಯಲ್ಲ ಸಾರ್’ ಅಂದ್ರೆ ನಂಬೋದು ಹೇಗೆ? ಯಾವ ಕಾಗದ ಕೇಳಬೇಕು, ಹೇಗೆ ಓದಬೇಕು? ಇಲ್ಲಿದೆ ಪೂರ್ತಿ ಮಾಹಿತಿ

ಬೈಪಾಸ್ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬನ್ನಿ. ಮೊನ್ನೆ ಮೊನ್ನೆವರೆಗೆ ಖಾಲಿ ಇದ್ದ ಸೈಟಿನಲ್ಲಿ ಕಂಟೇನರ್ ಟೀ ಅಂಗಡಿ ಬಂದಿರುತ್ತದೆ. ಅದರ ಪಕ್ಕ ಪಫ್ ಪ್ಯಾನಲ್‌ನ ಬಾಳೆಹಣ್ಣು ಮಾಗಿಸುವ ಕೋಣೆ, ಸ್ವಲ್ಪ ಮುಂದೆ ಪ್ರೀಕಾಸ್ಟ್ ಕಾಂಪೌಂಡು, ಮಹಡಿ ಮೇಲೆ ಪ್ಯಾನಲ್ ಹಾಕಿ ಎಬ್ಬಿಸಿದ ಟ್ಯೂಷನ್ ಕ್ಲಾಸು. ಇಟ್ಟಿಗೆ, ಗಾರೆ, ಕ್ಯೂರಿಂಗ್ ಅಂತ ತಿಂಗಳುಗಟ್ಟಲೆ ಕಾಯುವ ಕೆಲಸ ಈಗ ವಾರ ಹತ್ತು ದಿನದಲ್ಲಿ ಮುಗಿಯುತ್ತಿದೆ. ಬಾಡಿಗೆ ಜಾಗದಲ್ಲಿ ಅಂಗಡಿ ಇಡುವವರಿಗಂತೂ ಇದು ಅನುಕೂಲ, ನಾಳೆ ಜಾಗ ಬಿಟ್ಟರೆ ಬಿಚ್ಚಿಕೊಂಡು ಹೋಗಬಹುದು.

ಆದರೆ ಮಾಲು ಕೊಡುವವರನ್ನು ‘ಬೆಂಕಿ ಬಿದ್ದರೆ ಏನು ಗತಿ’ ಎಂದು ಕೇಳಿ ನೋಡಿ. ಬರುವ ಉತ್ತರ ಒಂದೇ: ‘ಫೈರ್ ಪ್ರೂಫ್ ಸಾರ್, ಸರ್ಟಿಫಿಕೇಟ್ ಇದೆ.’ ವಾಟ್ಸ್ಆ್ಯಪ್‌ನಲ್ಲಿ ಒಂದು ಪಿಡಿಎಫ್ ಬರುತ್ತದೆ. ಮೇಲೊಂದು ಲೋಗೋ, ಕೆಳಗೊಂದು ಸೀಲು. ನಾವೂ ನೋಡಿ ಸುಮ್ಮನಾಗುತ್ತೇವೆ.

2024ರ ಮೇ 25ರಂದು ಗುಜರಾತಿನ ರಾಜ್‌ಕೋಟ್‌ನಲ್ಲಿ ಒಂದು ಗೇಮ್ ಝೋನ್‌ಗೆ ಬೆಂಕಿ ಬಿದ್ದು, ಮಕ್ಕಳೂ ಸೇರಿ 27 ಮಂದಿ ಸತ್ತರು. ಅದು ಕಬ್ಬಿಣದ ಚೌಕಟ್ಟಿಗೆ ತಗಡು ಹೊದಿಸಿದ ತಾತ್ಕಾಲಿಕ ಕಟ್ಟಡ. ಅಗ್ನಿಶಾಮಕ ಇಲಾಖೆಯ ಎನ್‌ಒಸಿ ಇರಲಿಲ್ಲ. ಒಳಗೆ ವೆಲ್ಡಿಂಗ್ ನಡೆಯುತ್ತಿದ್ದಾಗಲೇ ಬೆಂಕಿ ಹೊತ್ತಿದ್ದು ಸಿಸಿಟಿವಿಯಲ್ಲಿ ಕಂಡಿತು. ಅಷ್ಟು ದೊಡ್ಡ ಊರಿನಲ್ಲೇ ಹೀಗಾದರೆ, ತಾಲ್ಲೂಕಿನಲ್ಲಿ ಸಿದ್ಧ ಭಾಗ ಜೋಡಿಸಿ ಅಂಗಡಿ, ಗೋದಾಮು, ಕ್ಲಾಸ್‌ರೂಮು ಕಟ್ಟುವ ನಾವು ಏನನ್ನು ಪರೀಕ್ಷಿಸಬೇಕು? ಅದಕ್ಕೇ ಈ ಲೇಖನ. ಕೊನೆವರೆಗೂ ಓದಿ, ಆರ್ಡರ್ ಕೊಡುವ ಮುಂಚೆ ಇನ್ನೊಮ್ಮೆ ತೆಗೆದು ನೋಡಿ.

ನಮ್ಮಲ್ಲಿ ಬರುತ್ತಿರುವ ಮಾಲು ಯಾವುದು, ಬೆಂಕಿಗೆ ಅದರ ಗುಣವೇನು?

ಥರ್ಮೋಕಾಲ್ ಪ್ಯಾನಲ್ (ಇಪಿಎಸ್): ಎರಡು ತಗಡಿನ ನಡುವೆ ಬಿಳಿ ಥರ್ಮೋಕಾಲ್. ಬೆಲೆ ಕಡಿಮೆ. ಸುಮಾರು 100 ಡಿಗ್ರಿ ಸೆಲ್ಸಿಯಸ್‌ಗೇ ಮೆತ್ತಗಾಗಿ ಕುಗ್ಗುತ್ತದೆ, ಆಮೇಲೆ ಕರಗಿ ತೊಟ್ಟಿಕ್ಕುತ್ತದೆ, ತೊಟ್ಟಿಕ್ಕಿದ್ದೂ ಉರಿಯುತ್ತದೆ. ‘ಎಫ್‌ಆರ್ ಗ್ರೇಡ್’ ಅಂದರೆ ಬೆಂಕಿಕಡ್ಡಿಯಂಥ ಸಣ್ಣ ಜ್ವಾಲೆಗೆ ಬೇಗ ಹೊತ್ತಿಕೊಳ್ಳುವುದಿಲ್ಲ, ಅಷ್ಟೇ. ಅಂಗಡಿಯೇ ಉರಿಯುವಾಗ ಅದೂ ಕರಗಿ ಉರಿಯುತ್ತದೆ.

ಪಫ್ ಪ್ಯಾನಲ್ (ಪಿಯುಎಫ್): ಕೋಲ್ಡ್ ಸ್ಟೋರೇಜ್, ಹಾಲು ಶೀತಲೀಕರಣ ಘಟಕ, ಹಣ್ಣು ಮಾಗಿಸುವ ಕೋಣೆ, ಹೀಗೆ ತಂಪು ಬೇಕಾದ ಕಡೆಯಲ್ಲೆಲ್ಲ ಇದೇ. ಇದು ಕರಗಿ ಸುರಿಯುವುದಿಲ್ಲ, ಆದರೆ ಉರಿಯುತ್ತದೆ. ಇದರ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಜೊತೆಗೆ ಹೈಡ್ರೋಜನ್ ಸಯನೈಡ್ ಕೂಡ ಇರುತ್ತದೆ. ಜ್ವಾಲೆ ಮೈಗೆ ತಾಗುವ ಮೊದಲೇ ಹೊಗೆ ಜನರನ್ನು ಕೆಡವುತ್ತದೆ.

ಪಿಐಆರ್ ಪ್ಯಾನಲ್: ಪಫ್‌ನ ಸುಧಾರಿತ ತಮ್ಮ ಅನ್ನಿ. ಬೆಂಕಿ ತಾಗಿದಾಗ ಮೇಲ್ಮೈಯಲ್ಲಿ ಕರಿ ಪದರ ಕಟ್ಟಿ ಒಳಗಿನ ಫೋಮ್ ಸುಡುವುದನ್ನು ನಿಧಾನ ಮಾಡುತ್ತದೆ. ಪಫ್‌ಗಿಂತ ವಾಸಿ. ಹಾಗಂತ ಉರಿಯದ ವಸ್ತು ಅಲ್ಲ. ನೋಡಲು ಎರಡೂ ಒಂದೇ ಥರ ಇರುವುದರಿಂದ ಪಿಐಆರ್ ಹೇಳಿ ಪಫ್ ಕೊಟ್ಟರೆ ಕಣ್ಣಿಗೆ ಗೊತ್ತಾಗುವುದು ಕಷ್ಟ.

ರಾಕ್‌ವೂಲ್ ಪ್ಯಾನಲ್: ಕಲ್ಲು ಕರಗಿಸಿ ಎಳೆದ ನಾರು. ತೂಕ ಹೆಚ್ಚು, ಬೆಲೆಯೂ ಹೆಚ್ಚು. ನಾರು ಉರಿಯುವುದಿಲ್ಲ, 1000 ಡಿಗ್ರಿ ದಾಟಿದ ಮೇಲಷ್ಟೇ ಕರಗುತ್ತದೆ.

ಜಿಪ್ಸಂ ಬೋರ್ಡ್ ಮತ್ತು ಜಿಪ್ಸಂ ಗೋಡೆ: ಜಿಪ್ಸಂನ ತೂಕದಲ್ಲಿ ಐದರಲ್ಲೊಂದು ಪಾಲು ನೀರೇ. ಬೆಂಕಿ ತಾಗಿದಾಗ ಆ ನೀರು ಆವಿಯಾಗಿ ಶಾಖವನ್ನು ಕುಡಿಯುತ್ತದೆ. ನೀರು ಪೂರ್ತಿ ಹೋದ ಮೇಲೆ ಬೋರ್ಡ್ ಬಿರುಕು ಬಿಟ್ಟು ಉದುರುತ್ತದೆ. ಹಾಗಾಗಿ ಎಷ್ಟು ದಪ್ಪ, ಎಷ್ಟು ಪದರ ಅನ್ನುವುದೇ ಮುಖ್ಯ.

ಕಂಟೇನರ್, ಸ್ಟೀಲ್ ಚೌಕಟ್ಟು: ಸ್ಟೀಲ್ ಉರಿಯುವುದಿಲ್ಲ ನಿಜ. ಆದರೆ 550 ಡಿಗ್ರಿ ಆಸುಪಾಸಿನಲ್ಲಿ ಹೆಚ್ಚುಕಡಿಮೆ ಅರ್ಧ ಶಕ್ತಿ ಕಳೆದುಕೊಳ್ಳುತ್ತದೆ. ಮೇಲೆ ರಕ್ಷಣೆಯ ಲೇಪ ಇಲ್ಲದ ತೆಳು ಕಂಬ, ತೊಲೆ ದೊಡ್ಡ ಬೆಂಕಿಯಲ್ಲಿ ಅರ್ಧ ಗಂಟೆಯೊಳಗೇ ಬಾಗುವುದು ಸಾಮಾನ್ಯ.

ಪ್ರೀಕಾಸ್ಟ್ ಕಾಂಕ್ರೀಟ್: ಇವುಗಳಲ್ಲಿ ಹೆಚ್ಚು ಭರವಸೆಯದು. ಆದರೆ ಕಂಬಿಯ ಮೇಲಿನ ಕಾಂಕ್ರೀಟ್ ಕವರ್ ಕಡಿಮೆಯಿದ್ದರೆ ಕಂಬಿ ಬೇಗ ಕಾಯುತ್ತದೆ. ಒಂದು ಸ್ಲ್ಯಾಬಿಗೂ ಇನ್ನೊಂದಕ್ಕೂ ನಡುವಿನ ಸಂದು ಸರಿಯಾಗಿ ತುಂಬದಿದ್ದರೆ ಬೆಂಕಿ, ಹೊಗೆ ಅಲ್ಲಿಂದಲೇ ದಾಟುತ್ತದೆ.

ಪ್ರಶ್ನೆ ಒಂದಲ್ಲ, ಎರಡು

‘ಫೈರ್ ಪ್ರೂಫ್’ ಅನ್ನುವ ಮಾತಿನಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಕಲಸಿಹೋಗಿವೆ. ಇದನ್ನು ಬಿಡಿಸಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಮೊದಲ ಪ್ರಶ್ನೆ: ಈ ವಸ್ತು ತಾನೇ ಉರಿದು ಬೆಂಕಿಯನ್ನು ಬೆಳೆಸುತ್ತದೆಯೇ? ಜ್ವಾಲೆ ಎಷ್ಟು ಬೇಗ ಹರಡುತ್ತದೆ, ಹೊಗೆ ಎಷ್ಟು, ಕರಗಿ ತೊಟ್ಟಿಕ್ಕುತ್ತದೆಯೇ? ಇದಕ್ಕೆ ‘ರಿಯಾಕ್ಷನ್ ಟು ಫೈರ್’ ಅನ್ನುತ್ತಾರೆ.

ಎರಡನೇ ಪ್ರಶ್ನೆ: ಒಂದು ಕಡೆ ಬೆಂಕಿ ಉರಿಯುತ್ತಿರುವಾಗ ಈ ಗೋಡೆ ಇನ್ನೊಂದು ಕಡೆಯವರನ್ನು ಎಷ್ಟು ನಿಮಿಷ ಕಾಪಾಡುತ್ತದೆ? ಇದಕ್ಕೆ ‘ಫೈರ್ ರೆಸಿಸ್ಟೆನ್ಸ್’ ಅನ್ನುತ್ತಾರೆ. ಇದರ ಉತ್ತರ ಯಾವಾಗಲೂ ನಿಮಿಷದಲ್ಲೋ ಗಂಟೆಯಲ್ಲೋ ಇರುತ್ತದೆ: 30, 60, 120 ನಿಮಿಷ, ಹೀಗೆ.

ಮೊದಲನೆಯದರಲ್ಲಿ ಪಾಸಾದದ್ದು ಎರಡನೆಯದರಲ್ಲೂ ಪಾಸು ಅಂತೇನಿಲ್ಲ. ತೆಳು ತಗಡನ್ನೇ ತೆಗೆದುಕೊಳ್ಳಿ. ತಾನು ಉರಿಯುವುದಿಲ್ಲ, ಮೊದಲ ಪ್ರಶ್ನೆಗೆ ನೂರಕ್ಕೆ ನೂರು. ಆದರೆ ಈಚೆ ಕಡೆ ಬೆಂಕಿಯಿದ್ದರೆ ಆಚೆ ಕಡೆ ಪೇರಿಸಿದ ರಟ್ಟಿನ ಪೆಟ್ಟಿಗೆ ಶಾಖಕ್ಕೇ ಹೊತ್ತಿಕೊಳ್ಳುತ್ತದೆ. ಎರಡನೇ ಪ್ರಶ್ನೆಯಲ್ಲಿ ಪೂರಾ ಫೇಲು. ಸಾಲು ಅಂಗಡಿಗಳಲ್ಲಿ ಒಬ್ಬರ ಮಳಿಗೆಯ ಬೆಂಕಿ ಪಕ್ಕದವರಿಗೆ ಹೋಗುವುದು ಹೀಗೆಯೇ. ಆದ್ದರಿಂದ ‘ಸರ್ಟಿಫಿಕೇಟ್ ಇದೆ’ ಅಂದ ಕೂಡಲೇ ನಿಮ್ಮ ಮೊದಲ ಮಾತು ಇದಾಗಿರಲಿ: ‘ಯಾವುದಕ್ಕೆ ಸರ್ಟಿಫಿಕೇಟು? ಹರಡುವುದಕ್ಕಾ, ತಡೆಯುವುದಕ್ಕಾ?’

ಪರೀಕ್ಷೆ ಹೇಗೆ ನಡೆಯುತ್ತದೆ?

ತಡೆಯುವ ಶಕ್ತಿಯ ಪರೀಕ್ಷೆಗೆ ನಮ್ಮ ದೇಶದ ಮಾನಕ ಐಎಸ್ 3809. ದೊಡ್ಡ ಕುಲುಮೆಯ ಬಾಯಿಗೆ ಗೋಡೆಯ ಒಂದು ಮಾದರಿಯನ್ನು ಕಟ್ಟಿ ನಿಲ್ಲಿಸುತ್ತಾರೆ. ಇಂಥ ಗೋಡೆ ಪರೀಕ್ಷೆಗಳಲ್ಲಿ ಮಾದರಿಯ ಅಳತೆ ಸಾಮಾನ್ಯವಾಗಿ 3 ಮೀಟರ್ ಅಗಲ, 3 ಮೀಟರ್ ಎತ್ತರ. ಒಳಗಿನ ಶಾಖ ನಿಗದಿತ ಲೆಕ್ಕದಲ್ಲೇ ಏರಬೇಕು. ಜಗತ್ತಿನೆಲ್ಲೆಡೆ ಬಳಸುವ ಲೆಕ್ಕ ಹೀಗಿದೆ: 5 ನಿಮಿಷಕ್ಕೆ ಸುಮಾರು 576 ಡಿಗ್ರಿ, ಅರ್ಧ ಗಂಟೆಗೆ 842, ಒಂದು ಗಂಟೆಗೆ 945, ಎರಡು ಗಂಟೆಗೆ 1049 ಡಿಗ್ರಿ.

ಆಗ ಮೂರು ಸಂಗತಿ ನೋಡುತ್ತಾರೆ. ಭಾರ ಹೊರುವ ಗೋಡೆಯಾದರೆ ಕುಸಿಯದೆ ನಿಂತಿದೆಯೇ (ಆರ್). ಬಿರುಕು ಬಿಟ್ಟು ಜ್ವಾಲೆ, ಬಿಸಿ ಗಾಳಿ ಹೊರಗೆ ಬಂತೇ (ಇ). ಹಿಂಬದಿಯ ಮೈ ಕಾಯುತ್ತಿದೆಯೇ (ಐ). ಹಿಂಬದಿಯ ಸರಾಸರಿ ಶಾಖ ಶುರುವಿನಲ್ಲಿ ಇದ್ದದ್ದಕ್ಕಿಂತ 140 ಡಿಗ್ರಿ, ಅಥವಾ ಯಾವುದೇ ಒಂದು ಜಾಗದಲ್ಲಿ 180 ಡಿಗ್ರಿ ಹೆಚ್ಚಾದರೆ ಅಲ್ಲಿಗೆ ‘ಐ’ ಮುಗಿಯಿತು. ‘ಇಐ 60’ ಎಂದು ಬರೆದಿದ್ದರೆ 60 ನಿಮಿಷ ಜ್ವಾಲೆಯನ್ನೂ ಶಾಖವನ್ನೂ ತಡೆದಿದೆ ಎಂದರ್ಥ. ಬರೀ ‘ಇ 60’ ಇದ್ದರೆ ಜ್ವಾಲೆ ದಾಟಲಿಲ್ಲ, ಆದರೆ ಶಾಖ ದಾಟಿದೆ. ಒಂದಕ್ಷರ ನೋಡದೇ ಬಿಟ್ಟರೆ ಪಕ್ಕದ ಮಳಿಗೆಯ ಮಾಲು ಹೋಗುತ್ತದೆ.

ಹರಡುವ ಗುಣಕ್ಕೆ ಬೇರೆ ಪರೀಕ್ಷೆಗಳು. ವಸ್ತು ಉರಿಯುತ್ತದೋ ಇಲ್ಲವೋ ನೋಡುವುದಕ್ಕೆ ಐಎಸ್ 3808, ಮೇಲ್ಮೈಯಲ್ಲಿ ಜ್ವಾಲೆ ಹರಡುವುದರ ವರ್ಗೀಕರಣಕ್ಕೆ ಐಎಸ್ 12777. ಹೊರದೇಶದ ಮಾನಕಗಳ ರಿಪೋರ್ಟೂ ಬಹಳ ಬರುತ್ತವೆ. ಯುರೋಪಿನ ಇಎನ್ 13501-1ರಲ್ಲಿ ಎ1, ಎ2, ಬಿ ಇಂದ ಎಫ್‌ವರೆಗೆ ದರ್ಜೆ ಇರುತ್ತದೆ. ಎ1 ಉತ್ತಮ, ಎಫ್ ಕನಿಷ್ಠ. ಜೊತೆಗಿರುವ ‘ಎಸ್1’ ಅಂದರೆ ಹೊಗೆ ಕಡಿಮೆ, ‘ಎಸ್3’ ಅಂದರೆ ಹೆಚ್ಚು. ‘ಡಿ0’ ಅಂದರೆ ಉರಿಯುವ ಹನಿ ಬೀಳುವುದಿಲ್ಲ. ಅಮೆರಿಕದ ಎಎಸ್‌ಟಿಎಂ ಇ84ರಲ್ಲಿ ‘ಕ್ಲಾಸ್ ಎ’ ಅಂದರೆ ಜ್ವಾಲೆ ಹರಡುವ ಸೂಚ್ಯಂಕ 25 ದಾಟಿಲ್ಲ.

ಇನ್ನೊಂದು ಎಚ್ಚರ. ಕೆಲವರು ‘ಯುಎಲ್ 94 ವಿ-0’ ಎಂದು ತೋರಿಸುತ್ತಾರೆ. ಅದು ಸ್ವಿಚ್, ಯಂತ್ರಗಳ ಪ್ಲಾಸ್ಟಿಕ್ ಭಾಗಕ್ಕೆ ಮಾಡುವ ಸಣ್ಣ ಜ್ವಾಲೆಯ ಪರೀಕ್ಷೆ. ಅದರಿಂದ ಗೋಡೆಯ ಬಗ್ಗೆ ಏನೂ ತಿಳಿಯುವುದಿಲ್ಲ.

ಹೊಸ ಮಾಲಿಗೆ ಯಾರು ಸಾಕ್ಷಿ?

ಇಟ್ಟಿಗೆ, ಸಿಮೆಂಟ್ ಬ್ಲಾಕಿಗೆ ದಶಕಗಳ ಅನುಭವ ಇದೆ. ಎಷ್ಟು ದಪ್ಪದ ಇಟ್ಟಿಗೆ ಗೋಡೆ ಎಷ್ಟು ಗಂಟೆ ತಡೆಯುತ್ತದೆ ಎಂದು ರಾಷ್ಟ್ರೀಯ ಕಟ್ಟಡ ಸಂಹಿತೆಯ (ಎನ್‌ಬಿಸಿ 2016) 4ನೇ ಭಾಗದಲ್ಲೇ ಕೋಷ್ಟಕಗಳಿವೆ. ಹೊಸ ನಮೂನೆಯ ಪ್ಯಾನಲ್ ಆ ಕೋಷ್ಟಕದಲ್ಲಿ ಇಲ್ಲದಿದ್ದರೆ, ಪರೀಕ್ಷೆ ಮಾಡಿಸಿಯೇ ತೋರಿಸಬೇಕು. ಸಾಬೀತು ಮಾಡುವ ಹೊಣೆ ಮಾರುವವರದು, ಕೊಳ್ಳುವ ನಿಮ್ಮದಲ್ಲ. ಇದು ನೆನಪಿರಲಿ.

ನೋಡಬೇಕಾದ ಜಾಗ ಮೂರು:

1. ಪಿಎಸಿ ಪ್ರಮಾಣಪತ್ರ. ಕೇಂದ್ರ ಸರ್ಕಾರದ ವಸತಿ ಸಚಿವಾಲಯದ ಅಡಿಯ ಬಿಎಂಟಿಪಿಸಿ ಸಂಸ್ಥೆ, ಇನ್ನೂ ಭಾರತೀಯ ಮಾನಕ ಇಲ್ಲದ ಹೊಸ ಕಟ್ಟಡ ಸಾಮಗ್ರಿ ಮತ್ತು ವಿಧಾನಗಳಿಗೆ ಈ ಪ್ರಮಾಣಪತ್ರ ಕೊಡುತ್ತದೆ. ಮಾಲು ಯಾವ ಬಳಕೆಗೆ ಸರಿ, ಯಾವುದಕ್ಕೆ ಅಲ್ಲ, ಹೇಗೆ ಜೋಡಿಸಬೇಕು ಎಂಬುದೆಲ್ಲ ಅದರಲ್ಲಿರುತ್ತದೆ. ಹೊಸ ವಿಧಾನಗಳನ್ನು ತೋರಿಸಲೆಂದೇ ಕೇಂದ್ರ ಸರ್ಕಾರ 2021ರ ಜನವರಿ 1ರಂದು ಆರು ಊರುಗಳಲ್ಲಿ ಲೈಟ್ ಹೌಸ್ ಯೋಜನೆಗೆ ಶಂಕುಸ್ಥಾಪನೆ ಮಾಡಿತ್ತು. ಅದರಲ್ಲಿ ಇಂದೋರ್‌ನಲ್ಲಿ ಸ್ಯಾಂಡ್‌ವಿಚ್ ಪ್ಯಾನಲ್, ಚೆನ್ನೈನಲ್ಲಿ ಪ್ರೀಕಾಸ್ಟ್ ಕಾಂಕ್ರೀಟ್ ಬಳಸಿದರು. ಅಂದರೆ ಪ್ಯಾನಲ್ ಅಂದಮಾತ್ರಕ್ಕೆ ಕಳಪೆ ಅಲ್ಲ. ಸರಿಯಾಗಿ ಆರಿಸಿ, ಸರಿಯಾಗಿ ಜೋಡಿಸಿದ್ದಾರಾ ಅನ್ನುವುದೇ ಪ್ರಶ್ನೆ.

2. ಪ್ರಯೋಗಾಲಯದ ಟೆಸ್ಟ್ ರಿಪೋರ್ಟ್. ರೂರ್ಕಿಯ ಸಿಬಿಆರ್‌ಐ (ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆ) ಅಥವಾ ಎನ್‌ಎಬಿಎಲ್ ಮಾನ್ಯತೆ ಇರುವ ಲ್ಯಾಬ್‌ನದಾಗಿರಲಿ. ಲ್ಯಾಬ್‌ಗೆ ಮಾನ್ಯತೆ ಇದ್ದರೆ ಸಾಲದು, ಆ ನಿರ್ದಿಷ್ಟ ಪರೀಕ್ಷೆಗೆ ಮಾನ್ಯತೆ ಇರಬೇಕು. ಸಿಮೆಂಟ್ ಪರೀಕ್ಷೆಗೆ ಮಾನ್ಯತೆ ಪಡೆದ ಲ್ಯಾಬ್ ಬೆಂಕಿ ಪರೀಕ್ಷೆ ಮಾಡಿದರೆ ಆ ಮಾನ್ಯತೆ ಇದಕ್ಕೆ ಅನ್ವಯಿಸುವುದಿಲ್ಲ. ಎನ್‌ಎಬಿಎಲ್ ವೆಬ್‌ಸೈಟಿನಲ್ಲಿ ಲ್ಯಾಬ್ ಹೆಸರು ಹಾಕಿದರೆ ಅದರ ‘ಸ್ಕೋಪ್’ ಪಟ್ಟಿ ಸಿಗುತ್ತದೆ, ಮೊಬೈಲ್‌ನಲ್ಲೇ ನೋಡಬಹುದು.

3. ಐಎಸ್‌ಐ ಗುರುತು. ಗುರುತಿನ ಜೊತೆ ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ಸಂಖ್ಯೆ ಇರುತ್ತದೆ. ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಅಸಲಿಯೋ ನಕಲಿಯೋ ತಿಳಿಯುತ್ತದೆ. ಆದರೆ ಯಾವ ಐಎಸ್ ಸಂಖ್ಯೆಗೆ ಲೈಸೆನ್ಸ್ ಅನ್ನುವುದನ್ನು ಓದಿ. ಹೊರಗಿನ ತಗಡಿಗೆ ಇರುವ ಐಎಸ್‌ಐ ಗುರುತು ಒಳಗಿನ ಫೋಮಿಗೆ ಸಾಕ್ಷಿಯಾಗುವುದಿಲ್ಲ.

ಕಾಗದ ಸರಿ ಇದ್ದೂ 72 ಜೀವ ಹೋದ ಕಥೆ

ಲಂಡನ್ನಿನ ಗ್ರೆನ್‌ಫೆಲ್ ಟವರ್ 24 ಮಹಡಿಯ ವಸತಿ ಕಟ್ಟಡ. ನವೀಕರಣದ ವೇಳೆ ಹೊರಗೋಡೆಗೆ ಅಲ್ಯೂಮಿನಿಯಂ ಕಾಂಪೊಸಿಟ್ ಪ್ಯಾನಲ್ ಹೊದಿಸಿದ್ದರು. ನಮ್ಮ ಊರಿನ ಶೋರೂಮ್ ಮುಂಭಾಗಕ್ಕೆ ಹಾಕುವ ಎಸಿಪಿ ಇದೆಯಲ್ಲ, ಅದೇ ಜಾತಿ. 2017ರ ಜೂನ್ 14ರ ನಡುರಾತ್ರಿ 4ನೇ ಮಹಡಿಯ ಒಂದು ಮನೆಯ ಫ್ರಿಜ್‌ನಿಂದ ಶುರುವಾದ ಬೆಂಕಿ ಹೊರಗಿನ ಪ್ಯಾನಲ್ ಹಿಡಿದು ತುದಿವರೆಗೆ ಏರಿತು. 72 ಮಂದಿ ಸತ್ತರು. ಪ್ಯಾನಲ್‌ನ ನಡುವೆ ಇದ್ದದ್ದು ಉರಿಯುವ ಪಾಲಿಎಥಿಲೀನ್.

ಅಲ್ಲಿ ಬಳಸಿದ ಮಾಲಿಗೆ ಕಾಗದ ಇರಲಿಲ್ಲವೇ? ಇತ್ತು. 2024ರ ಸೆಪ್ಟೆಂಬರ್ 4ರಂದು ಹೊರಬಂದ ತನಿಖಾ ಆಯೋಗದ ಅಂತಿಮ ವರದಿ ಆ ಕಾಗದಗಳ ಹಣೆಬರಹವನ್ನು ಬಿಚ್ಚಿಟ್ಟಿತು. ಒಂದು ಕಂಪನಿಯ ಪ್ಯಾನಲ್ ರಿವೆಟ್ ಹೊಡೆದು ಕೂರಿಸಿದಾಗ ಒಂದು ಫಲಿತಾಂಶ, ಅಂಚು ಮಡಿಚಿ ಡಬ್ಬದ ಹಾಗೆ ಕೂರಿಸಿದಾಗ ತೀರಾ ಕೆಟ್ಟ ಫಲಿತಾಂಶ ಕೊಟ್ಟಿತ್ತು. ಕೆಟ್ಟದ್ದನ್ನು ಕಂಪನಿ ಮುಚ್ಚಿಟ್ಟಿತು. ಶಾಖನಿರೋಧಕ ಫೋಮ್ ಮಾಡುವ ಇನ್ನೊಂದು ಕಂಪನಿ, ಪರೀಕ್ಷೆಗೆ ಕಟ್ಟಿದ ಗೋಡೆಯಲ್ಲಿ ಬೆಂಕಿ ತಡೆಯುವ ಬೇರೆ ಬೋರ್ಡ್‌ಗಳನ್ನು ಸೇರಿಸಿ ಪಾಸು ಮಾಡಿಸಿತು, ವರದಿಯಲ್ಲಿ ಅದರ ಸುದ್ದಿಯೇ ಇಲ್ಲ. ಮತ್ತೊಂದು ಕಂಪನಿ 2005ರ ಪರೀಕ್ಷೆಯ ವರದಿಯನ್ನೇ ಇಟ್ಟುಕೊಂಡು, ಫೋಮಿನ ತಯಾರಿಕೆ ಬದಲಾದ ಮೇಲೂ ವರ್ಷಗಟ್ಟಲೆ ಮಾಲು ಮಾರಿತು.

ಮೂರೂ ಕಡೆ ನಡೆದದ್ದು ಒಂದೇ: ಪರೀಕ್ಷೆಯಲ್ಲಿ ಸುಟ್ಟದ್ದು ಬೇರೆ, ಕಟ್ಟಡಕ್ಕೆ ಹೋದದ್ದು ಬೇರೆ. ರಿಪೋರ್ಟ್ ಹೇಳುವುದು ಆ ದಿನ, ಆ ಲ್ಯಾಬಿನಲ್ಲಿ, ಆ ಥರ ಜೋಡಿಸಿದ ಆ ಒಂದು ಮಾದರಿಯ ಬಗ್ಗೆ ಮಾತ್ರ. ನಿಮ್ಮ ಗೋಡೆಗೆ ಅದು ಅನ್ವಯಿಸಬೇಕಾದರೆ ನಿಮ್ಮ ಗೋಡೆಯೂ ಅದೇ ಥರ ಇರಬೇಕು.

ರಿಪೋರ್ಟ್ ಕೈಗೆ ಬಂದಾಗ ನೋಡಬೇಕಾದ 9 ಅಂಶ

1. ಪೂರ್ತಿ ರಿಪೋರ್ಟಾ? ಮೊದಲ ಪುಟ ಅಥವಾ ‘ಸಾರಾಂಶ’ ಮಾತ್ರ ಕೊಟ್ಟರೆ ಒಪ್ಪಬೇಡಿ. ಫೋಟೋ, ನಕ್ಷೆ ಸಮೇತ ಎಲ್ಲ ಪುಟ ಕೇಳಿ.

2. ಯಾರ ಹೆಸರಿನಲ್ಲಿದೆ? ನಿಮಗೆ ಮಾಲು ಕೊಡುತ್ತಿರುವ ತಯಾರಕರದ್ದೇ ಆಗಿರಬೇಕು. ಬೇರೆ ಕಂಪನಿಯ ರಿಪೋರ್ಟ್ ತೋರಿಸಿ ‘ಮಾಲು ಸೇಮ್ ಸಾರ್’ ಅಂದರೆ ಆಗುವುದಿಲ್ಲ.

3. ಯಾವ ಮಾನಕ, ಯಾವ ಪ್ರಶ್ನೆ? ಹರಡುವುದೋ, ತಡೆಯುವುದೋ.

4. ದಪ್ಪ ಎಷ್ಟು? 100 ಮಿ.ಮೀ. ಪ್ಯಾನಲ್ ಪರೀಕ್ಷೆ ಮಾಡಿಸಿ 50 ಮಿ.ಮೀ. ಪ್ಯಾನಲ್ ಕೊಟ್ಟರೆ ಆ ನಿಮಿಷಗಳ ಲೆಕ್ಕ ನಡೆಯುವುದಿಲ್ಲ.

5. ಒಳಗಿನ ವಸ್ತು ಯಾವುದು, ಸಾಂದ್ರತೆ ಎಷ್ಟು? ಘನ ಮೀಟರಿಗೆ ಇಷ್ಟು ಕಿಲೋ ಎಂದು ಬರೆದಿರುತ್ತದೆ. ಬಿಲ್ಲಿನಲ್ಲೂ ಅದೇ ಅಂಕಿ ಬರಬೇಕು.

6. ಎತ್ತರ ಎಷ್ಟು? 3 ಮೀಟರ್ ಮಾದರಿಯ ಫಲಿತಾಂಶವನ್ನು 6 ಮೀಟರ್ ಎತ್ತರದ ಗೋದಾಮಿನ ಗೋಡೆಗೆ ಹಾಗೇ ತಗಲಿಸುವಂತಿಲ್ಲ. ಅದಕ್ಕೆ ಲ್ಯಾಬ್ ಅಥವಾ ಅರ್ಹ ಎಂಜಿನಿಯರ್ ಪ್ರತ್ಯೇಕವಾಗಿ ಲೆಕ್ಕ ಹಾಕಿ ಬರೆದುಕೊಡಬೇಕು.

7. ಜೋಡಣೆ ಹೇಗಿತ್ತು? ಸ್ಕ್ರೂ ಎಷ್ಟು ದೂರಕ್ಕೊಂದು, ಸಂದಿಗೆ ಏನು ತುಂಬಿದ್ದರು, ಕೆಳಗೆ ಮೇಲೆ ಯಾವ ಚಾನೆಲ್. ನಿಮ್ಮ ಫಿಟ್ಟರ್‌ಗೆ ಆ ಪುಟವನ್ನೇ ಕೊಡಿ.

8. ಕಿಟಕಿ, ಬಾಗಿಲು, ಪೈಪ್ ತೂತು ಇತ್ತೇ? ತೂತಿಲ್ಲದ ಗೋಡೆಯ ಫಲಿತಾಂಶ ತೂತಿರುವ ಗೋಡೆಗೆ ಬರುವುದಿಲ್ಲ.

9. ತಾರೀಖು ಯಾವುದು? ಆಮೇಲೆ ಮಾಲಿನಲ್ಲಿ ಬದಲಾವಣೆ ಮಾಡಿಲ್ಲ ಎಂದು ತಯಾರಕರಿಂದ ಲೆಟರ್‌ಹೆಡ್‌ನಲ್ಲಿ ಬರೆಸಿಕೊಳ್ಳಿ. ಪಿಎಸಿ ಆದರೆ ಅವಧಿ ಮುಗಿದಿದೆಯೇ ನೋಡಿ.

ಆಮೇಲೆ ರಿಪೋರ್ಟ್ ಸಂಖ್ಯೆ ಹಿಡಿದು ಲ್ಯಾಬ್‌ಗೇ ಒಂದು ಇಮೇಲ್ ಹಾಕಿ: ‘ಈ ರಿಪೋರ್ಟ್ ನೀವು ಕೊಟ್ಟದ್ದೇ?’ ಪಿಡಿಎಫ್ ತಿದ್ದುವುದು ಈಗ ಯಾರಿಗೂ ಕಷ್ಟದ ಕೆಲಸವಲ್ಲ.

ಕೊಟೇಶನ್‌ನಲ್ಲಿ ಈ ಸಾಲು ಬರೆಸಿ

ಬಾಯಿಮಾತಿಗೆ ಬೆಲೆ ಇಲ್ಲ. ಅಡ್ವಾನ್ಸ್ ಕೊಡುವ ಮೊದಲೇ ಕೊಟೇಶನ್‌ನಲ್ಲಿ ಹೀಗೆ ಬರೆಸಿಕೊಳ್ಳಿ:

‘ಸರಬರಾಜು ಮಾಡುವ ಪ್ಯಾನಲ್‌ನ ದಪ್ಪ, ಒಳವಸ್ತು, ಸಾಂದ್ರತೆ ಮತ್ತು ಜೋಡಣೆ ವಿಧಾನ ಇಂಥ ಲ್ಯಾಬಿನ ಇಂಥ ಸಂಖ್ಯೆಯ, ಇಂಥ ತಾರೀಖಿನ ಪರೀಕ್ಷಾ ವರದಿಯಲ್ಲಿ ಇರುವಂತೆಯೇ ಇರುತ್ತದೆ. ವ್ಯತ್ಯಾಸ ಕಂಡುಬಂದರೆ ಮಾಲನ್ನು ವಾಪಸ್ ಪಡೆದು ಹಣ ಹಿಂತಿರುಗಿಸಲಾಗುವುದು.’

ಇಷ್ಟು ಬರೆಯಲು ಹಿಂದೇಟು ಹಾಕಿದರೆ ಅದರಿಂದಲೇ ನಿಮಗೆ ಅರ್ಥವಾಗಬೇಕು. ಮಾಲು ಬಂದ ದಿನ ಪ್ಯಾನಲ್ ಮೇಲಿನ ಲೇಬಲ್, ಕತ್ತರಿಸಿದ ಅಂಚು, ಡೆಲಿವರಿ ಚಲನ್ ಮೂರಕ್ಕೂ ಫೋಟೋ ತೆಗೆದಿಡಿ. ಒಂದು ಅಡಿ ಉದ್ದದ ತುಂಡನ್ನು ಎತ್ತಿಟ್ಟುಕೊಳ್ಳಿ. ಮುಂದೆ ತಕರಾರು ಬಂದರೆ ಅದೇ ನಿಮ್ಮ ಸಾಕ್ಷಿ.

ಕೆಲಸ ನಡೆಯುವಾಗ ಎಡವುವುದು ಎಲ್ಲಿ?

ಒಳ್ಳೆ ಮಾಲು ತಂದೂ ಕೆಲಸದಲ್ಲಿ ಕೆಡಿಸಿಕೊಳ್ಳುವವರೇ ಹೆಚ್ಚು.

ಎಸಿ ಪೈಪಿಗೆ, ವೈರಿಗೆ ತೂತು ಕೊರೆದು ಸುತ್ತ ಸಾಮಾನ್ಯ ಫೋಮ್ ಸ್ಪ್ರೇ ಹೊಡೆದು ಮುಚ್ಚುತ್ತಾರೆ. ಆ ಫೋಮ್ ಉರಿಯುತ್ತದೆ. ಪೈಪ್ ಸುತ್ತ ತುಂಬಲಿಕ್ಕೆಂದೇ ಪರೀಕ್ಷೆಯಾದ ಫೈರ್ ಸೀಲಂಟ್ ಬರುತ್ತದೆ, ಅದನ್ನು ಬಳಸಿ.

ಕಿಟಕಿಗೆ ಕತ್ತರಿಸಿದ ಕಡೆ ಫೋಮ್ ಅಂಚು ಬರಿದಾಗಿ ಕಾಣುತ್ತಿದ್ದರೆ ತಗಡಿನ ಫ್ಲ್ಯಾಶಿಂಗ್ ಹೊದಿಸಿ ಮುಚ್ಚಿಸಿ. ತಗಡಿನ ಒಳಗೆ ಬೆಂಕಿ ಹೊಕ್ಕರೆ ಹೊರಗಿನಿಂದ ಹಾಕಿದ ನೀರು ಅದಕ್ಕೆ ತಲುಪುವುದಿಲ್ಲ. ಬೆಂಕಿ ಪ್ಯಾನಲ್ ಒಳಗೊಳಗೇ ಸಾಗುತ್ತದೆ.

ಫೋಮ್ ಪ್ಯಾನಲ್ ಒಳಗೆ ಬರಿ ವೈರ್ ಎಳೆಸಬೇಡಿ. ಲೋಹದ ಕಾಂಡ್ಯೂಟ್ ಇರಲಿ. ಎಂಸಿಬಿ ಜೊತೆ ಆರ್‌ಸಿಸಿಬಿ ಹಾಕಿಸಿ. ಎಲೆಕ್ಟ್ರಿಕ್ ಸ್ಕೂಟರ್ ಚಾರ್ಜಿಂಗ್ ಪಾಯಿಂಟ್, ಡೀಪ್ ಫ್ರೀಜರ್, ಗ್ಯಾಸ್ ಒಲೆ ಇವುಗಳನ್ನು ಫೋಮ್ ಪ್ಯಾನಲ್‌ಗೆ ಅಂಟಿಸಿ ಇಡಬೇಡಿ.

ವೆಲ್ಡಿಂಗ್, ಗ್ರೈಂಡಿಂಗ್ ಎಲ್ಲ ಮುಗಿದ ಮೇಲೆ ಪ್ಯಾನಲ್ ಕೂರಿಸಿ. ಆಮೇಲೂ ವೆಲ್ಡಿಂಗ್ ಬೇಕೇ ಬೇಕು ಅಂದರೆ ಒಳಗೆ ಗಿರಾಕಿ ಇರಬಾರದು, ಎಕ್ಸ್‌ಟಿಂಗ್ವಿಶರ್ ಹಿಡಿದು ಒಬ್ಬರು ನಿಂತಿರಬೇಕು, ಕೆಲಸ ಮುಗಿದ ಮೇಲೂ ಸ್ವಲ್ಪ ಹೊತ್ತು ಕಾಯಬೇಕು. ಕಿಡಿ ಫೋಮ್ ಒಳಗೆ ಸುಮ್ಮನೆ ಕೂತಿದ್ದು ಆಮೇಲೆ ಹೊತ್ತುತ್ತದೆ.

ಯಾವ ಕಚೇರಿ, ಏನು ಕೇಳಬೇಕು?

ಕಟ್ಟಡ ಪರವಾನಗಿ, ಟ್ರೇಡ್ ಲೈಸೆನ್ಸ್ ಕೊಡುವುದು ಪುರಸಭೆ, ಪಟ್ಟಣ ಪಂಚಾಯಿತಿ ಅಥವಾ ಗ್ರಾಮ ಪಂಚಾಯಿತಿ. ಬೆಂಕಿ ಸುರಕ್ಷತೆಯ ಎನ್‌ಒಸಿ ಕೊಡುವುದು ಕರ್ನಾಟಕ ರಾಜ್ಯ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆ. ಎನ್‌ಒಸಿ ಬೇಕೋ ಬೇಡವೋ ಎಂಬುದು ಕಟ್ಟಡದ ಎತ್ತರ, ಬಳಕೆಯ ಬಗೆ, ಸೇರುವ ಜನರ ಮೇಲೆ ನಿಂತಿದೆ. ಶಾಲೆ, ಆಸ್ಪತ್ರೆ, ಕಲ್ಯಾಣ ಮಂಟಪ, ಕೋಚಿಂಗ್ ಸೆಂಟರ್, ದೊಡ್ಡ ಗೋದಾಮು ಮಾಡುವವರು ಕೆಲಸ ಶುರು ಮಾಡುವ ಮೊದಲೇ ನಕ್ಷೆ ಹಿಡಿದು ಠಾಣೆಗೆ ಹೋಗಿ, ಲಿಖಿತವಾಗಿ ಕೇಳಿ. ಕಟ್ಟಿದ ಮೇಲೆ ಕೇಳಿದರೆ ಒಡೆಯುವ ಖರ್ಚೂ ನಿಮ್ಮದೇ.

ಅರ್ಜಿಯ ಜೊತೆ ಪ್ಯಾನಲ್‌ನ ಪೂರ್ತಿ ಪರೀಕ್ಷಾ ವರದಿ, ಪಿಎಸಿ ಇದ್ದರೆ ಅದರ ಪ್ರತಿ, ಜೋಡಣೆಯ ನಕ್ಷೆ, ಎಂಜಿನಿಯರ್ ಸಹಿ ಮಾಡಿದ ಟಿಪ್ಪಣಿ ಸೇರಿಸಿ. ಸಣ್ಣ ಅಂಗಡಿಯವರಿಗೆ ಎನ್‌ಒಸಿ ಕೇಳದೇ ಇರಬಹುದು. ಹಾಗಂತ ಕಾಗದ ಬೇಡ ಅಂತಲ್ಲ. ಬೆಂಕಿ ಬಿದ್ದ ಮೇಲೆ ಇನ್ಶೂರೆನ್ಸ್ ಸರ್ವೇಯರ್ ಕೇಳುವುದು ಅದನ್ನೇ.

ಇನ್ಶೂರೆನ್ಸ್ ಅರ್ಜಿಯಲ್ಲಿ ಗೋಡೆ, ಚಾವಣಿ ಯಾವುದರದು ಎಂಬ ಪ್ರಶ್ನೆ ಇರುತ್ತದೆ. ಅಲ್ಲಿ ‘ಆರ್‌ಸಿಸಿ’ ಎಂದು ಏಜೆಂಟರು ಅಭ್ಯಾಸಬಲದಿಂದ ಟಿಕ್ ಹಾಕಿಬಿಡುತ್ತಾರೆ. ನಿಮ್ಮದು ಪಫ್ ಪ್ಯಾನಲ್ ಆಗಿದ್ದರೆ ಹಾಗೆಯೇ ಬರೆಸಿ. ಪ್ರೀಮಿಯಂ ಸ್ವಲ್ಪ ಹೆಚ್ಚಾಗಬಹುದು, ಆದರೆ ಕ್ಲೇಮ್ ಬಂದಾಗ ‘ಸುಳ್ಳು ಮಾಹಿತಿ’ ಅಂತ ತಳ್ಳಿಹಾಕಲು ದಾರಿ ಇರುವುದಿಲ್ಲ. ಒಂದೇ ಜಾಗದಲ್ಲಿ ಒಟ್ಟು ₹5 ಕೋಟಿವರೆಗಿನ ಆಸ್ತಿ ಇರುವ ಸಣ್ಣ ಉದ್ದಿಮೆಗಳಿಗೆ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಎಂಬ ಪಾಲಿಸಿ 2021ರ ಏಪ್ರಿಲ್‌ನಿಂದ ಇದೆ, ವಿಚಾರಿಸಿ.

ಓದುಗರು ಕೇಳಬಹುದಾದ ಪ್ರಶ್ನೆಗಳು

ಲೈಟರ್ ಹಿಡಿದು ತೋರಿಸಿದರು, ಹೊತ್ತಲಿಲ್ಲ. ಸಾಕಲ್ಲವೇ?
ಸಾಲದು. ಲೈಟರ್ ಜ್ವಾಲೆಗೆ ದಪ್ಪ ಮರದ ತೊಲೆಯೂ ಕೂಡಲೇ ಹೊತ್ತುವುದಿಲ್ಲ. ಮಾಲು ತುಂಬಿದ ಅಂಗಡಿಯ ಬೆಂಕಿಗೂ ಲೈಟರಿಗೂ ಹೋಲಿಕೆಯೇ ಇಲ್ಲ.

ನಮ್ಮದು ಆಗಲೇ ಥರ್ಮೋಕಾಲ್ ಅಥವಾ ಪಫ್ ಪ್ಯಾನಲ್‌ನದು. ಈಗ ಕೆಡವಬೇಕಾ?
ಗಾಬರಿ ಬೇಡ. ಬರಿ ಅಂಚುಗಳನ್ನು ಮುಚ್ಚಿಸಿ, ವೈರಿಂಗ್ ಪರೀಕ್ಷಿಸಿ, ಶಾಖ ಬರುವ ಯಂತ್ರಗಳನ್ನು ದೂರ ಸರಿಸಿ. ಜನ ಹೊರಬರಲು ಎರಡನೇ ದಾರಿ ಮಾಡಿ. ಐಎಸ್ 15683 ಗುರುತಿನ ಎಬಿಸಿ ಪೌಡರ್ ಎಕ್ಸ್‌ಟಿಂಗ್ವಿಶರ್ ಬಾಗಿಲ ಬಳಿ ಇಡಿ. ಅಂಥ ಕೋಣೆಯಲ್ಲಿ ರಾತ್ರಿ ಕೆಲಸದ ಹುಡುಗರನ್ನು ಮಲಗಿಸಬೇಡಿ. ಮಕ್ಕಳ ಕ್ಲಾಸು ನಡೆಯುತ್ತಿದ್ದರೆ ಮಾತ್ರ ತಡ ಮಾಡದೆ ಎಂಜಿನಿಯರ್‌ಗೆ, ಅಗ್ನಿಶಾಮಕ ಠಾಣೆಗೆ ತೋರಿಸಿ.

ಶೋರೂಮ್ ಮುಂದೆ ಎಸಿಪಿ ಹಾಕಿಸುತ್ತಿದ್ದೇವೆ. ಏನು ಕೇಳಬೇಕು?
ನಡುವಿನ ವಸ್ತು ಯಾವುದು ಅಂತ ಕೇಳಿ. ಬರೀ ಪಾಲಿಎಥಿಲೀನ್ ಬೇಡ. ಖನಿಜ ತುಂಬಿದ, ಎ2 ಅಥವಾ ಬಿ ದರ್ಜೆಯ ವರದಿ ಇರುವುದನ್ನು ಆರಿಸಿ. ಕೂರಿಸುವ ವಿಧಾನವೂ ವರದಿಯಂತೆಯೇ ಇರಲಿ. ಮೇಲೆ ಮನೆ, ಲಾಡ್ಜ್ ಇದ್ದರೆ ಇದು ಇನ್ನೂ ಮುಖ್ಯ.

ಇಷ್ಟೆಲ್ಲ ಕೇಳಿದರೆ ಮಾಲು ಕೊಡುವವರು ಬೇಜಾರಾಗುವುದಿಲ್ಲವೇ?
ಸರಿಯಾದ ತಯಾರಕರು ಬೇಜಾರಾಗುವುದಿಲ್ಲ. ಅವರು ಪರೀಕ್ಷೆಗೆ ದುಡ್ಡು ಸುರಿದಿರುತ್ತಾರೆ, ತೋರಿಸುವುದು ಅವರಿಗೂ ಬೇಕು. ಅಕ್ಕಪಕ್ಕದ ನಾಲ್ಕು ಅಂಗಡಿಯವರು ಸೇರಿ ಕೇಳಿದರೆ ಇನ್ನೂ ಒಳ್ಳೆಯದು. ಸಾಲು ಮಳಿಗೆಯಲ್ಲಿ ಒಬ್ಬರ ಗೋಡೆಯೇ ಇನ್ನೊಬ್ಬರ ಗೋಡೆ ಅಲ್ಲವೇ?

ಕೊನೆಗೆ ಉಳಿಯುವ ಪ್ರಶ್ನೆ ಒಂದೇ: ಕಾಗದದಲ್ಲಿ ಇರುವುದೂ ನಿಮ್ಮ ಗೋಡೆಯಲ್ಲಿ ಇರುವುದೂ ಒಂದೇನಾ? ಇದಕ್ಕೆ ಉತ್ತರ ಸಿಗುವವರೆಗೆ ಅಡ್ವಾನ್ಸ್ ಕೊಡಬೇಡಿ. ಬೆಂಕಿ ಕಂಡರೆ ತಡ ಮಾಡದೆ 101 ಅಥವಾ 112ಕ್ಕೆ ಕರೆ ಮಾಡಿ. ಗಾಡಿ ಬಂದ ಕೂಡಲೇ ‘ಗೋಡೆ ಫೋಮ್ ಪ್ಯಾನಲ್‌ನದು, ಒಳಗೆ ಗ್ಯಾಸ್ ಇದೆ ಅಥವಾ ಇಲ್ಲ’ ಎಂದು ಸಿಬ್ಬಂದಿಗೆ ಮೊದಲೇ ತಿಳಿಸಿ. ಒಳಗೆ ಹೋಗುವ ಅವರ ಜೀವವೂ ಅದರ ಮೇಲೆ ನಿಂತಿರುತ್ತದೆ.